ಬಿಲ್ವದ ಮರದಲ್ಲಿ ಪಾರ್ಕಿನ ರೇಡಿಯೋ

ನಮ್ಮ ಭಾವನಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ಮದುವೆಯೇ ಆಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗಿದೆ! ಹೆಣ್ಣು ನಮ್ಮ ದೇವರ ಕೋಣೆಯಲ್ಲೇ ಕೂತಿದ್ದಾಳೆ. ಮೈಯೆಲ್ಲ ಕಬ್ಬಿಣ, ಎತ್ತಲು ಇಬ್ಬರು ಬೇಕು. ಕಾವೇರುವವರೆಗೆ ತುಟಿ ಬಿಚ್ಚುವುದಿಲ್ಲ, ಬಿಚ್ಚಿದರೆ ಬೀದಿಯೇ ಕಿವಿ ಮುಚ್ಚಿಕೊಳ್ಳಬೇಕು. ಇಂಥ ವಾರಗಿತ್ತಿ ಶತ್ರುವಿಗೂ ಬೇಡ!

ಅವಳು ಮನೆ ತುಂಬಿದ ಕತೆ ಕೇಳಿ. ಭಾವ ಮೈಸೂರಿನ ಯಾದವಗಿರಿ ಕಡೆಯ ಒಂದು ಪಾರ್ಕಿನಲ್ಲಿ ರೇಡಿಯೋ ಹಾಕುವ ಕೆಲಸದಲ್ಲಿದ್ದರು. ಆಗೆಲ್ಲ ಪಾರ್ಕಿನ ನಡುವೆ ಒಂದು ಪುಟ್ಟ ಮಂಟಪ, ಒಳಗೆ ರೇಡಿಯೋ, ಮೇಲೆ ತುತ್ತೂರಿಯಂಥ ದೊಡ್ಡ ಸ್ಪೀಕರು. ಸಂಜೆ ಭಾವ ಬೀಗ ತೆಗೆದು ಗುಂಡಿ ತಿರುಗಿಸಿದರೆ, ಮನೆಯಲ್ಲಿ ರೇಡಿಯೋ ಇಲ್ಲದವರೆಲ್ಲ ಕಲ್ಲುಬೆಂಚಿನ ಮೇಲೆ ಕೂತು ವಾರ್ತೆ ಕೇಳೋರು. ಆಮೇಲೆ ಮನೆಮನೆಗೂ ಟೀವಿ ಬಂತು, ಬೆಂಚು ಖಾಲಿಯಾಯಿತು, ಭಾವನೂ ರಿಟೈರಾದರು. ತೊಂಬತ್ತೈದೋ ಆರೋ ಇರಬೇಕು, ಮಂಟಪ ತೆಗೆದು ಕಾರಂಜಿ ಮಾಡುತ್ತೇವೆ ಅಂದರು. ಗುಜರಿಗೆ ಹೊರಟಿದ್ದ ಸಾಮಾನನ್ನೆಲ್ಲ ಭಾವ ಕೇಳಿ ಪಡೆದು ಟಾಂಗಾಕ್ಕೆ ಹೇರಿಸಿದರು. ಅದಕ್ಕೆ ಜರ್ಕು ಹೊಡೆಯಬಾರದು ಅಂತ ತಾವು ಪಕ್ಕದಲ್ಲೇ ಕೈ ಆನಿಸಿಕೊಂಡು ನಡೆದೇ ಬಂದರು. ದಿಬ್ಬಣವೇ ಸರಿ, ವಾಲಗ ಒಂದಿರಲಿಲ್ಲ!

"ಇದೇನು ಭಾವ?" ಅಂದೆ.

"ಊರಿನ ಚರಿತ್ರೆ ಕಣಮ್ಮ."

"ಚರಿತ್ರೆ ಇಡೋಕೆ ಅಷ್ಟು ದೊಡ್ಡ ಅರಮನೆ ಇದೆಯಲ್ಲ, ನಮ್ಮನೇನೇ ಬೇಕಾಗಿತ್ತಾ?"

"ಅಲ್ಲಿರೋದು ರಾಜರದು. ಇದು ಬೆಂಚಿನ ಮೇಲೆ ಕೂತಿದ್ದೋರದು."

ಮಾತೇನೋ ಚೆನ್ನಾಗಿತ್ತು. ಕೋಪ ಇಳಿಯಲಿಲ್ಲ. ಹೇಗೆ ಇಳಿದೀತು? ತೇವ ತಾಗಬಾರದು ಅಂತ ಆ ಪೆಟ್ಟಿಗೆಯನ್ನು ನೇರ ತಂದು ದೇವರ ಕೋಣೆಯಲ್ಲಿ ಕೂರಿಸಿದರು! ಅದಕ್ಕೆ ಜಾಗವಾಗಲೆಂದು ನಂಜುಂಡೇಶ್ವರನ ಪಟ ಗೂಡಿಗೆ ಸರಿಯಿತು. ವಿಷವನ್ನೇ ನುಂಗಿದ ಸ್ವಾಮಿ, ಇದನ್ನೂ ನುಂಗಿಕೊಂಡ. ನನಗೆ ಆ ಗಂಟಲಿಲ್ಲವಲ್ಲ!

ಸ್ಪೀಕರು ಎಲ್ಲಿಗೆ ಏರಿತು ಅಂತೀರಿ? ಹಿತ್ತಲಿನ ಬಿಲ್ವದ ಮರಕ್ಕೆ. ಶಿವನಿಗೆ ಪತ್ರೆ ಬಿಡಿಸಲು ಹೋದರೆ ತಲೆಯ ಮೇಲೆ ಪೇಟೆ ಧಾರಣೆ. 'ಓಂ ನಮಃ' ಅನ್ನುವಷ್ಟರಲ್ಲಿ ಈರುಳ್ಳಿ ಕ್ವಿಂಟಾಲಿಗೆ ಎಷ್ಟು ಅಂತ ಬರುತ್ತದೆ. ಆಮೇಲೆ ಎಲ್ಲಿಯ 'ಶಿವಾಯ'?

ಎದುರುಮನೆ ಟೀಚರಮ್ಮನದು ಕ್ರೈಸ್ತರ ಮನೆ. ದಿನಾ ಸಂಜೆ ಮನೆಮಂದಿಯೆಲ್ಲ ಕೂತು ಜಪಸರ ಹಿಡಿಯುತ್ತಾರೆ. ಒಂದು ದಿನ ಆಕೆ ಜಪಸರ ಹಿಡಿದುಕೊಂಡೇ ಬಂದುಬಿಟ್ಟರು.

"ಏನ್ರೀ ಇದು? ನಾವು ಮಾತೆ ಮರಿಯಮ್ಮನವರಿಗೆ ನಮೋ ಅನ್ನೋ ಹೊತ್ತಿಗೆ ಸರಿಯಾಗಿ ನಿಮ್ಮ ಭಾವನೋರು ತೊಗರಿಗೆ ಔಷಧಿ ಹೊಡೆಸ್ತಾರೆ!"

"ನಿಮ್ಮ ದೇವರಿಗಾದರೂ ಹೇಳಿ ನೋಡಿ ಟೀಚರಮ್ಮ, ನಮ್ಮ ದೇವರ ಕೈಲಿ ಆಗಲಿಲ್ಲ," ಅಂದೆ. ಇಬ್ಬರೂ ಕೂತು ಕಾಫಿ ಕುಡಿದು ಭಾವನನ್ನು ಬೈದೆವು. ಭಾವ ಅಲ್ಲೇ ಕೂತು ನಗುತ್ತಿದ್ದರು. ಏನು ಬೈದರೂ ನಗು! ಮಾನ ಮರ್ಯಾದೆ ಇರೋರು ಹಾಗೆ ನಗ್ತಾರೇನ್ರೀ?

ಹಾಗಂತ ಶಿವ ನನ್ನ ಕೈ ಪೂರಾ ಬಿಟ್ಟಿರಲಿಲ್ಲ. ಒಂದು ಸಲ ಗುಬ್ಬಚ್ಚಿ ಆ ಸ್ಪೀಕರಿನೊಳಗೆ ಗೂಡು ಕಟ್ಟಿತು. ಮರಿ ಹಾರುವವರೆಗೆ ಹಾಕುವುದಿಲ್ಲ ಅಂದರು ಭಾವ. ಬೀದಿಗೆ ಬೀದಿಯೇ ತಣ್ಣಗಾಯಿತು. ಆ ಗುಬ್ಬಿಗೆ ನಾನು ದಿನಾ ನುಚ್ಚಕ್ಕಿ ಹಾಕಿದ್ದೇ ಹಾಕಿದ್ದು, ಇನ್ನೊಂದು ಬಾಣಂತನವೂ ಇಲ್ಲೇ ಆಗಲಿ ಅಂತ!

ನೋಡಲು ಬರುವವರಿಗಂತೂ ಕಮ್ಮಿ ಇರಲಿಲ್ಲ. ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಒಬ್ಬ ಬಿಳಿಯ ಹುಡುಗಿ, ಪೆಟ್ಟಿಗೆ ಕಾವೇರುವಾಗ ಗುಂಯ್ ಅನ್ನುತ್ತದಲ್ಲ, ಅದನ್ನು ಕೇಳಿ ಅಲ್ಲೇ ಪದ್ಮಾಸನ ಹಾಕಿ ಕಣ್ಣು ಮುಚ್ಚಿದಳು. ಓಂಕಾರವಂತೆ! ಕಾಲೇಜಿನ ಒಬ್ಬ ಮೇಷ್ಟರು ಬಂದು, "ಇದನ್ನ ಕಾಪಾಡಲೇಬೇಕು ಕಣ್ರೀ, ಮೈಸೂರಿನ ಆಸ್ತಿ ಇದು" ಅಂತ ಭಾಷಣ ಮಾಡಿ ಎರಡು ಲೋಟ ಕಾಫಿ ಇಳಿಸಿ ಹೋದರು. ಹೋದವರು ಹೋದರು! ಕಾಪಾಡಬೇಕು ಅನ್ನೋರೆಲ್ಲ ಕಾಫಿ ಕುಡಿದು ಎದ್ದರೆ, ಆಸ್ತಿಯ ಧೂಳು ಹೊಡೆಯೋಳು ಯಾರು?

ಎಲ್ಲಕ್ಕಿಂತ ನನ್ನ ಮೈ ಉರಿಸುತ್ತಿದ್ದದ್ದು ಸಂಜೆಯ ಆ ಕವಾಯತು. ನಾನು ಮರದ ಬುಡಕ್ಕೆ ದೀಪ ಹಚ್ಚುವ ಹೊತ್ತಿಗೆ ಭಾವ ಗುಂಡಿ ತಿರುಗಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗೋರು: "ಬಂತಾ ಕಣಮ್ಮ?"

"ಬಂತು!"

"ಬಾಯಲ್ಲಿ ಹೇಳಿದರೆ ಆಗಲ್ಲ, ಕೈ ಎತ್ತಬೇಕು. ಪಾರ್ಕಿನಲ್ಲಿ ಹಾಗೇ ಪದ್ಧತಿ!"

ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿರುವಾಗ ಬಂತಾ ಅಂತ ಬೇರೆ ಕೇಳಬೇಕೆ? ಸ್ಕೂಲಿನ ಹುಡುಗಿಯ ಹಾಗೆ ನಾನು ಕೈ ಬೇರೆ ಎತ್ತಬೇಕೆ? ಎತ್ತುತ್ತಿದ್ದೆ. ಎತ್ತಿ ಬೈಯುತ್ತಿದ್ದೆ. ಅವರು ನಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಭಾನುವಾರ, ನನ್ನ ಗೊಣಗಾಟ ತಡೆಯಲಾರದೆ ಯಜಮಾನರು, "ನಾಳೆ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ, ಅಣ್ಣನಿಗೆ ನಾನೇ ಸಮಾಧಾನ ಹೇಳ್ತೀನಿ" ಅಂದರು. ನಂಜುಂಡೇಶ್ವರನಿಗೆ ಆವತ್ತು ಒಂದು ಬೊಗಸೆ ಹೂವು ಹೆಚ್ಚಿಗೆ ಏರಿಸಿದೆ.

ಅದೇ ಸಂಜೆ. "ಬಂತಾ ಕಣಮ್ಮ?" ಅಂದರು. ರೂಢಿ ನೋಡಿ, ಕೈ ಎತ್ತಿಬಿಟ್ಟೆ. ಎತ್ತಿದ ಮೇಲೆ ಗೊತ್ತಾಯಿತು, ಸದ್ದೇ ಇಲ್ಲ! ತಲೆಯೆತ್ತಿ ನೋಡಿದರೆ ಅಳಿಲು ತಂತಿ ಕಡಿದು ಹಾಕಿದೆ, ತುಂಡು ನೇತಾಡುತ್ತಿದೆ. ಶಿವ ಕಣ್ಣು ಬಿಟ್ಟ! ನಿಮ್ಮ ಹೆಂಡತಿ ಮೂಕಿಯಾದಳು ಭಾವ ಅಂತ ಹೇಳಲು ಖುಷಿಯಾಗಿ ಒಳಗೆ ನುಗ್ಗಿದೆ.

ಭಾವ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಸಣ್ಣಗೆ ತಲೆದೂಗುತ್ತಾ ಕೂತಿದ್ದರು. ಹಿಂದಿನಿಂದ ಕರೆದೆ. ತಿರುಗಲಿಲ್ಲ. "ಭಾವಾ!" ಅಂತ ಕಿರುಚಿದೆ. ಇಲ್ಲ. ನನ್ನ ನೆರಳು ಬಿದ್ದಾಗಲೇ ಕಣ್ಣು ಬಿಟ್ಟದ್ದು.

"ಇವತ್ತು ದನಿ ಎಷ್ಟು ಕ್ಲಿಯರ್ ಆಗಿ ಬರ್ತಿದೆ, ಅಲ್ವೇನಮ್ಮ?"

ಕಿಟಕಿಯಾಚೆ ನೇತಾಡುತ್ತಿದ್ದ ತಂತಿ ನೋಡಿದೆ, ಅವರ ಮುಖ ನೋಡಿದೆ. ಆ ಜೋರು ಸದ್ದು, ಎತ್ತಬೇಕಾಗಿದ್ದ ಕೈ, ಬೈದಾಗಿನ ಆ ನಗು... ಎಷ್ಟು ವರ್ಷದಿಂದಲೋ ಏನೋ! ಅಂದರೆ ನಾನು ಬೈದದ್ದರಲ್ಲಿ ಒಂದಕ್ಷರವೂ ತಲುಪಿಲ್ಲ! ಗಂಟಲು ಹರಿದುಕೊಂಡದ್ದೆಲ್ಲ ದಂಡ! ಇನ್ನಷ್ಟು ಸಿಟ್ಟು ಬಂತು. ಆಮೇಲೆ, ಏನೂ ಕೇಳಿಸಿಲ್ಲವಲ್ಲ, ಸದ್ಯ, ಅದೂ ಆ ಶಿವನ ದಯೆ ಅನ್ನಿಸಿತು.

"ಹೂಂ ಭಾವ," ಅಂತ ತಲೆಯಾಡಿಸಿದೆ.

ಬೆಳಿಗ್ಗೆ ಗುಜರಿಯವನು ಗಾಡಿ ನಿಲ್ಲಿಸಿ, "ಹಳೇ ರೇಡಿಯೋ ಇದೆಯಂತಲ್ಲಮ್ಮ, ತಕ್ಕಡಿ ತರ್ಲಾ?" ಅಂದ.

"ಏನಂದೆ? ಅವಳು ನಮ್ಮ ವಾರಗಿತ್ತಿ ಕಣಯ್ಯ! ಮನೆ ಸೊಸೇನ ತಕ್ಕಡೀಲಿ ತೂಗ್ತೀಯಾ? ನಡಿ ಆಚೆ!"

ಅವನು ಗಾಡಿ ತಳ್ಳಿಕೊಂಡು ಓಡಿದ. "ನೀನೇ ತಾನೇ ದಿನಾ..." ಅಂತ ಬಾಯಿ ತೆರೆದರು ಯಜಮಾನರು. "ನೀವು ಸುಮ್ಮನೆ ಹೋಗಿ ಕರೆಂಟಿನವನನ್ನ ಕರ್ಕೊಂಬನ್ನಿ," ಅಂದೆ.

ಕರೆಂಟಿನವನು ಮರ ಹತ್ತಿ ತಂತಿ ಕಟ್ಟಿ ಹೋದ. ಸಂಜೆ ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬಂತಾ ಕಣಮ್ಮ?"

ಬಂತು! ನಾಲ್ಕು ಬಿಲ್ವದೆಲೆ ನನ್ನ ತಲೆಯ ಮೇಲೇ ಉದುರಿದವು. ಎದುರುಮನೆ ಟೀಚರಮ್ಮನ ಕಿಟಕಿ ಪಟಾರನೆ ಮುಚ್ಚಿತು. ಸಿಟ್ಟು ಬರಲಿಲ್ಲವೆಂದರೆ ನಾಲಗೆಗೆ ಹುಳ ಬಿದ್ದೀತು. ದೀಪ ಕೆಳಗಿಟ್ಟೆ. ಅವರಿಗೆ ಚೆನ್ನಾಗಿ ಕಾಣಲಿ ಅಂತ ಕಿಟಕಿಯ ಹತ್ತಿರಕ್ಕೆ ಹೋಗಿ, ಎರಡೂ ಕೈ ಎತ್ತಿದೆ.