ಎಲ್ಲ ಪರದೆಗಳಲ್ಲೂ ಒಂದೇ ಥರ

ಹಸಿರು ಬಟನ್ ಇತ್ತು, ಕೆಂಪು ಬಟನ್ ಇರಲಿಲ್ಲ. ಸರಿಯಪ್ಪನ ದಿನ ಹಾಳಾಗಿದ್ದು ಇಷ್ಟಕ್ಕೇ.

ಬೆಳಿಗ್ಗೆ ಏಳೂವರೆಗೆ ಬಾಯಲ್ಲಿ ಬ್ರಶ್ಶು, ಕೈಯಲ್ಲಿ ಫೋನು ಹಿಡಿದು ನಿಂತಿದ್ದಾಗ ಕಂಪನಿಯ ಸಿಬ್ಬಂದಿ ಆ್ಯಪು ‘ಟಿಣ್’ ಅಂದಿತು. ತೆರೆದರೆ ಒಂದು ಕಾಗದ. ರೈಲಿನಲ್ಲಿ ಒಂದೂವರೆ ದಿನ ದೂರದ ಶಾಖೆಗೆ ತಮ್ಮನ್ನು ವರ್ಗಾಯಿಸಲಾಗಿದೆ. ಒಪ್ಪುವವರು ಕೆಳಗಿನ ಹಸಿರು ಬಟನ್ ಒತ್ತುವುದು. ಒಪ್ಪದವರು ಅದರ ಪಕ್ಕದ ಕೆಂಪು ಬಟನ್ ಒತ್ತುವುದು, ಅಂಥವರನ್ನು ಕಳಿಸಲಾಗುವುದಿಲ್ಲ. ಸಂಜೆ ಐದರೊಳಗೆ ಯಾವುದನ್ನೂ ಒತ್ತದಿದ್ದರೆ ಒಪ್ಪಿದಂತೆಯೇ ಲೆಕ್ಕ. ಬೇರೆ ಯಾವ ರೂಪದ ಮನವಿಯೂ ಬೇಡ. ಸಹೋದ್ಯೋಗಿಗಳೊಡನೆ ಈ ಬಗ್ಗೆ ಮಾತಾಡತಕ್ಕದ್ದಲ್ಲ.

ಸರಿಯಪ್ಪ ಪರದೆಯನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. ಫೋನನ್ನು ಅಡ್ಡ ಮಾಡಿದ. ಹಸಿರು ಬಟನ್ ಖುಷಿಯಿಂದ ಇನ್ನಷ್ಟು ಅಗಲವಾಯಿತು. ಕೆಂಪಿನ ಸುಳಿವೇ ಇಲ್ಲ.

“ಏನ್ರೀ ಅದು, ಬಾಯಿಂದ ನೊರೆ ಸುರೀತಿದೆ,” ಅಂತ ಹೆಂಡತಿ ಬಂದು ಫೋನು ಕಿತ್ತುಕೊಂಡು ಓದಿದಳು. ಅವಳದು ಮೂಲೆಯಲ್ಲೊಂದು ಟೈಲರಿಂಗ್ ಅಂಗಡಿ. ಒಂಬತ್ತು ವರ್ಷ ಬೆನ್ನು ಬಗ್ಗಿಸಿ ಹೊಲಿದು, ಈಗ ತಾನೇ ಊರಿನವರು ಅವಳನ್ನು ಹುಡುಕಿಕೊಂಡು ಬರತೊಡಗಿದ್ದರು. ಬಾಗಿಲ ಮೇಲೆ ಬೋರ್ಡು ಏರಿ ಒಂದು ತಿಂಗಳೂ ಆಗಿರಲಿಲ್ಲ.

“ನಾನು ಗಿರಾಕಿಗಳನ್ನೆಲ್ಲ ಗಂಟು ಕಟ್ಕೊಂಡು ರೈಲು ಹತ್ತಲಾ? ಕೆಂಪು ಒತ್ರಿ, ಈಗಲೇ ಒತ್ರಿ.”

“ಕೆಂಪು ಇಲ್ಲ ಕಣೇ.”

“ಇಲ್ಲ ಅಂದ್ರೆ? ನೀವೇ ತಾನೇ ಇದನ್ನ ನೋಡಿ ಸರಿ ಇದೆ ಅಂತ ಸಹಿ ಹಾಕಿದ್ದು?”

ತೊಡಕು ಇದ್ದದ್ದೇ ಆ ಸಹಿಯಲ್ಲಿ.

ಅವನ ಕಂಪನಿ ಮಾರುವುದು ಒಂದೇ ಸಾಮಾನು, ಆ್ಯಪ್ ಕಟ್ಟುವ ಪ್ಲಾಟ್‌ಫಾರ್ಮು. ಬಣ್ಣ, ಚಿತ್ರ, ಬಟನ್ನು ಎಲ್ಲವನ್ನೂ ಅದರಲ್ಲಿ ಒಂದು ಸಲ ಜೋಡಿಸಿಟ್ಟರೆ ಆಯಿತು. ಫೋನು, ಟ್ಯಾಬು, ಕಂಪ್ಯೂಟರು, ಕೈಗಡಿಯಾರ, ಟಿವಿ, ಕೊನೆಗೆ ಫ್ರಿಜ್ಜಿನ ಬಾಗಿಲಿಗಿರುವ ಅಂಗೈಯಗಲದ ಗಾಜು, ಎಲ್ಲದರ ಮೇಲೂ ಅದೇ ಮುಖ ಹೊತ್ತು ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ಅಂತ ನಲವತ್ತಮೂರು ಸಾಧನಗಳಲ್ಲಿ ತೆರೆದು ನೋಡುವುದು ಸರಿಯಪ್ಪನ ಉದ್ಯೋಗ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಹನ್ನೊಂದು ವರ್ಷದಿಂದ ಪ್ರತಿ ಹಾಳೆಯ ಮೇಲೂ ‘ಸರಿ ಇದೆ, ಎಲ್ಲ ಪರದೆಗಳಲ್ಲೂ ಒಂದೇ ಥರ ಇದೆ’ ಅಂತ ಬರೆದು ಸಹಿ ಹಾಕಿ ಹಾಕಿ ಆಫೀಸಿನವರ ಬಾಯಲ್ಲಿ ಸರಿಯಪ್ಪನಾದ. ಮೊದಲೆರಡು ವರ್ಷ ನಲವತ್ತಮೂರರಲ್ಲೂ ನೋಡುತ್ತಿದ್ದ. ಎಲ್ಲದರಲ್ಲೂ ಒಂದೇ ಥರ ಇರುತ್ತಿತ್ತು. ಹಾಗಾದ ಮೇಲೆ ಯಾವ ಮನುಷ್ಯ ಮೂರನೇ ವರ್ಷವೂ ನೋಡುತ್ತಾನೆ? ಬೀರುವಿನಲ್ಲಿ ಮೇಲಿದ್ದ ಒಂದು ಫೋನು ತೆಗೆಯುವುದು, ಮೊದಲ ಪುಟ ಬಂತಾ ನೋಡುವುದು, ಉಳಿದ ನಲವತ್ತೆರಡಕ್ಕೂ ಒಂದೇ ಗೀಟು ಎಳೆಯುವುದು. ಸಿಬ್ಬಂದಿ ಆ್ಯಪನ್ನೂ ಮೂರು ವಾರದ ಹಿಂದೆ ಹಾಗೇ ಪಾಸು ಮಾಡಿದ್ದ. ಮೊದಲ ಪುಟದಲ್ಲಿ ರಜೆಗಳ ಪಟ್ಟಿ ಇತ್ತು, ಅದನ್ನಂತೂ ಚೆನ್ನಾಗಿ ನೋಡಿದ್ದ.

ಈಗ ಕೆಂಪು ಬಟನ್ ಇಲ್ಲ ಅಂತ ದೂರು ಕೊಟ್ಟರೆ ಮೊದಲು ತೆಗೆಯುವುದೇ ಅವನ ಸಹಿಯ ಹಾಳೆ. ನುಂಗುವಂತಿಲ್ಲ, ಉಗುಳುವಂತಿಲ್ಲ.

“ಯಾವುದೋ ಒಂದು ಪರದೆಯಲ್ಲಿ ಇದ್ದೇ ಇರುತ್ತೆ,” ಅಂದ. “ಹುಡುಕಿ ಒತ್ತಿಬಿಡ್ತೀನಿ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ.”

ಆಫೀಸಿಗೆ ಹೋದವನೇ ಬೀರು ತೆಗೆದ. ಒಳಗಿದ್ದ ಸಾಧನಗಳೆಲ್ಲ ಚಾರ್ಜ್ ಕಾಣದೆ ಕಣ್ಣು ಮುಚ್ಚಿದ್ದವು. ಚಾರ್ಜರು ಇದ್ದದ್ದು ಎರಡು. ಒಂದೊಂದನ್ನೇ ಎಬ್ಬಿಸಿ, ತನ್ನ ಹೆಸರಲ್ಲಿ ಒಳಹೊಕ್ಕು, ಕಾಗದ ತೆರೆದು, ಹಸಿರು ನೋಡಿ ಹಲ್ಲು ಕಡಿದು ಪಕ್ಕಕ್ಕಿಡುತ್ತ ಹೋದ. ಹತ್ತು ನಿಮಿಷದಲ್ಲಿ ಪಕ್ಕದ ಟೇಬಲ್ಲಿನ ‘ರೇಡಿಯೊ’ ಬಂದು ನಿಂತ. ಆ ಮನುಷ್ಯನ ಕಿವಿಗೆ ಬಿದ್ದದ್ದು ಮೂರು ಮಹಡಿಗೂ ಪ್ರಸಾರವಾಗುತ್ತದೆ, ಅದಕ್ಕೇ ಆ ಹೆಸರು.

“ಏನ್ ಗುರುವೇ ಇದು? ಟೆಸ್ಟ್ ಮಾಡ್ತಿದೀರಾ? ನೀವಾ?”

“ಸುಮ್ನೆ, ಬ್ಯಾಟರಿ ನೋಡ್ತಿದ್ದೆ.”

“ಮೈಗೆ ಹುಷಾರಿದೆ ತಾನೇ? ಜ್ವರ ಗಿರ ಇಲ್ಲವಾ?” ಅಂತ ಹಣೆ ಮುಟ್ಟಿ ನೋಡಿದ. “ಲೇ, ಬನ್ರೋ ಇಲ್ಲಿ! ಸರಿಯಪ್ಪನವರು ಟೆಸ್ಟ್ ಮಾಡ್ತಿದಾರೆ!”

ಜನ ಸೇರಿದರು. ಒಬ್ಬ ಫೋಟೊ ಹೊಡೆದ. ಸರಿಯಪ್ಪ ಪ್ರತಿ ಪರದೆಯನ್ನೂ ಎದೆಗೊತ್ತಿಕೊಂಡು ಇಣುಕಿ ನೋಡಬೇಕಾಯಿತು. ಕೈಗಡಿಯಾರದ ಸರದಿ ಬಂದಾಗಂತೂ ಜೀವವೇ ಬಾಯಿಗೆ ಬಂತು. ಅಷ್ಟು ಚಿಕ್ಕ ಗಾಜಿನಲ್ಲಿ ಕಾಗದಕ್ಕೆ ಜಾಗವಿಲ್ಲದೆ ಹಸಿರು ಬಟನ್ನೇ ಅಂಚಿಂದ ಅಂಚಿಗೆ ಹರಡಿಕೊಂಡಿತ್ತು. ಅಂಗಿಯ ತೋಳು ತಗುಲಿದರೂ ಸಾಕು, ಒಪ್ಪಿದಂತೆ. ರೇಡಿಯೊ “ಎಲ್ಲಿ, ತೋರಿಸಿ” ಅಂತ ಕೈ ಚಾಚಿದ. ಸರಿಯಪ್ಪ ಆ ಗಡಿಯಾರವನ್ನು ಎರಡು ಬೆರಳಲ್ಲಿ ಚೇಳು ಹಿಡಿದ ಹಾಗೆ ಹಿಡಿದು, ಕೈಯನ್ನು ತಲೆ ಮೇಲೆತ್ತಿಕೊಂಡು ಶೌಚಾಲಯಕ್ಕೆ ಓಡಿದ.

ವಾಪಸು ಬಂದಾಗ ಮ್ಯಾನೇಜರು ಬೀರುವಿನ ಮುಂದೆ ನಿಂತಿದ್ದರು. ಸಿಕ್ಕಿಬಿದ್ದೆ ಅಂದುಕೊಂಡ. ಮ್ಯಾನೇಜರ ಮುಖದಲ್ಲಿ ನೋಡಿದರೆ ನಗು.

“ಭೇಷ್! ಇದು ನೋಡ್ರಿ ಶ್ರದ್ಧೆ ಅಂದ್ರೆ. ಯಾರೂ ಹೇಳದೇ, ಯಾವ ಕೆಲಸವೂ ಬರದೇ, ತಾವಾಗಿ ಒಂದೊಂದನ್ನೂ ಪರೀಕ್ಷೆ ಮಾಡ್ತಿದಾರೆ. ಹೊಸಬರ ತಂಡ ಎರಡು ಗಂಟೆಗೆ ಬರುತ್ತೆ. ಅವರಿಗೆ ಇದರ ಬಗ್ಗೆ ನಾಲ್ಕು ಮಾತಾಡಿಬಿಡಿ.”

“ಸರ್, ನಾನು ಇವತ್ತು...”

“ಸಂಕೋಚ ಬೇಡ.”

ಎರಡರಿಂದ ಮುಕ್ಕಾಲು ನಾಲ್ಕರವರೆಗೆ ಸರಿಯಪ್ಪ ಹೊಸಬರ ಮುಂದೆ ನಿಂತು, ನೋಡದೇ ಸಹಿ ಹಾಕುವುದು ಎಂಥ ಮಹಾಪಾಪ ಅಂತ ಬೆವರು ಒರೆಸಿಕೊಳ್ಳುತ್ತ ಹೇಳಿದ. ಒಬ್ಬಳು ಅಷ್ಟನ್ನೂ ಬರೆದುಕೊಂಡಳು. ಹಿಂದೆ ನಿಂತಿದ್ದ ರೇಡಿಯೊಗೆ ನಗು ತಡೆಯಲಾಗದೆ ಹೊರಗೆ ಹೋಗಬೇಕಾಯಿತು. ಗೋಡೆ ಗಡಿಯಾರದ ಮುಳ್ಳು ಮಾತ್ರ ಯಾರ ಮಾತೂ ಕೇಳದೆ ಐದರ ಕಡೆ ಜಾರುತ್ತಿತ್ತು.

ನಲವತ್ತೆರಡು ಮುಗಿದಿತ್ತು. ಎಲ್ಲದರಲ್ಲೂ ಹಸಿರೇ. ಉಳಿದದ್ದು ಟಿವಿ. ಆಫೀಸಿನ ಒಂದೇ ಟಿವಿ ಮ್ಯಾನೇಜರ ತಲೆಯ ಮೇಲಿನ ಗೋಡೆಯಲ್ಲಿ ಬೆಳಗಿಂದ ಸಂಜೆವರೆಗೆ ಕಂಪನಿಯ ಜಾಹೀರಾತು ತೋರಿಸುತ್ತಿತ್ತು. ಅದರ ಮೇಲೆ ತನ್ನ ಕಾಗದ ತೆರೆಯುವುದೂ ಒಂದೇ, ಮ್ಯಾನೇಜರ ಮಡಿಲಲ್ಲಿ ಕೂತು ಅಳುವುದೂ ಒಂದೇ. ಆಗ ಥಟ್ಟನೆ ಹೊಳೆಯಿತು, ಓನರಮ್ಮ! ಬಾಡಿಗೆ ಮನೆಯ ಒಡತಿ ಹೋದ ತಿಂಗಳಷ್ಟೇ ಐವತ್ತೈದು ಇಂಚಿನ ಟಿವಿ ತಂದಿದ್ದರು. ಫೋನಿನ ಆ್ಯಪುಗಳೆಲ್ಲ ಇದರಲ್ಲೂ ಓಡುತ್ತವೆ ಅಂತ ಹಾಲು ಹಾಕುವವನನ್ನೂ ಒಳಗೆ ಕರೆದು ತೋರಿಸಿದ್ದರು.

ಹಲ್ಲು ನೋವು ಅಂತ ಹೇಳಿ ಸರಿಯಪ್ಪ ಕಾಲು ಕಿತ್ತ. ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿದ.

ಓನರಮ್ಮ ಬಾಗಿಲು ತೆಗೆದಾಗ ನಾಲ್ಕೂ ಮೂವತ್ತೈದು. “ಟಿವಿ ಬೇಕಾ? ಅಯ್ಯೋ ಬಾಪ್ಪ, ನಿನಗಿಲ್ಲದ್ದಾ,” ಅಂತ ಒಳಗೆ ಕರೆದರು. ಟಿವಿ ನೋಡಲು ಬಂದಿದ್ದ ಪಕ್ಕದ ಮನೆಯ ಇಬ್ಬರು ಹೆಂಗಸರು ಸೋಫಾದ ಮೇಲೆ ಆಗಲೇ ಕೂತಿದ್ದರು. ಸರಿಯಪ್ಪ ಆ್ಯಪು ಇಳಿಸಿಕೊಂಡು, ಒಳಹೊಕ್ಕು, ಕಾಗದ ತೆರೆದ.

ಹಸಿರಿನ ಪಕ್ಕದಲ್ಲೇ ಊಟದ ತಟ್ಟೆಯಷ್ಟು ದೊಡ್ಡದಾಗಿ ಕೆಂಪು ಬಟನ್ ಹೊಳೆಯುತ್ತಿತ್ತು.

ಸರಿಯಪ್ಪನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಓನರಮ್ಮ ಕನ್ನಡಕ ಏರಿಸಿಕೊಂಡು ಇಡೀ ಕಾಗದವನ್ನು ಗಟ್ಟಿಯಾಗಿ ಓದಿ ಮುಗಿಸಿದ್ದರು.

“ವರ್ಗಾನಾ? ಅಂದ್ರೆ ಮನೆ ಖಾಲಿ ಮಾಡ್ತೀರಿ!” ಅವರ ಮುಖ ಅರಳಿತು. “ನೋಡು, ನನ್ನ ತಂಗಿ ಮಗ ಮನೆ ಮನೆ ಅಂತ ಪ್ರಾಣ ತಿಂತಿದ್ದ. ಒಳ್ಳೇದಾಯ್ತು. ಹಸಿರು ಒತ್ತಪ್ಪ.”

“ಇಲ್ಲ ಅಮ್ಮಾ, ನಾನು ಕೆಂಪು...”

“ಬಂದ ಅವಕಾಶ ಬಿಡಬಾರದು. ನಿನಗೆ ಒತ್ತೋಕೆ ಬರಲ್ಲ, ಕೊಡಿಲ್ಲಿ ರಿಮೋಟು.”

“ಬಿಡಿ ಅಮ್ಮಾ!”

“ನನ್ನ ರಿಮೋಟು ಕಣಯ್ಯಾ!”

ರಿಮೋಟಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಇವನ ಕೈಯಲ್ಲಿ. ಎಳೆದಾಟದಲ್ಲಿ ಟಿವಿಯ ಸದ್ದು ಏರಿತು, ಇಳಿಯಿತು. ಸೋಫಾದ ಹೆಂಗಸರಲ್ಲಿ ಒಬ್ಬಳು “ಹಸಿರೇ ಒಳ್ಳೇದು” ಅಂದಳು, ಇನ್ನೊಬ್ಬಳು “ಪಾಪ, ಕೆಂಪು ಒತ್ತಲಿ ಬಿಡಿ” ಅಂದಳು. ಕೊನೆಗೆ ರಿಮೋಟು ಸರಿಯಪ್ಪನ ಪಾಲಾಯಿತು. ಆದರೆ ಪರದೆಯ ಮೇಲಿನ ಆಯ್ಕೆಯ ಗುರುತು ನಿಂತಿದ್ದು ಹಸಿರಿನ ಮೇಲೆ. ಕೆಂಪಿಗೆ ಸರಿಯಲು ಬಲಗಡೆ ಬಾಣ ಒತ್ತಬೇಕು, ಎಳೆದಾಟದಲ್ಲಿ ಆ ಬಾಣ ಒಳಗೆ ಕೂತುಬಿಟ್ಟಿತ್ತು. ಒತ್ತಿದ, ಗುದ್ದಿದ, ಊದಿದ. ಗುರುತು ಹಸಿರು ಬಿಟ್ಟು ಕದಲಲಿಲ್ಲ. ನಾಲ್ಕೂ ಐವತ್ತಾರು.

ಆಗ ಬಾಗಿಲಲ್ಲಿ ಹೆಂಡತಿ ಕಾಣಿಸಿದಳು, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಜೋತಾಡುತ್ತಿತ್ತು. ಅವಳು ರಿಮೋಟು ಕಿತ್ತುಕೊಂಡು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಬಾಣದ ಅಂಚಿಗೆ ತೂರಿಸಿ ಮೀಟಿದಳು. ಬಾಣ ‘ಟಪ್’ ಅಂತ ಮೇಲೆದ್ದಿತು. ಬಲಕ್ಕೆ ಸರಿಸಿ ಒತ್ತಿದಳು.

‘ತಮ್ಮ ಆಕ್ಷೇಪಣೆಯನ್ನು ಸ್ವೀಕರಿಸಲಾಗಿದೆ.’ ನಾಲ್ಕೂ ಐವತ್ತೆಂಟು.

ಸರಿಯಪ್ಪ ಓನರಮ್ಮನ ನೆಲದ ಮೇಲೇ ಕುಸಿದು ಕೂತ. ಹೆಂಡತಿ ಸೂಜಿಯನ್ನು ಮತ್ತೆ ಸೆರಗಿಗೆ ಚುಚ್ಚಿಕೊಂಡು, ಎಷ್ಟೋ ದಿನಗಳ ಮೇಲೆ ಅವನ ಕಡೆ ನೋಡಿ ನಕ್ಕಳು. ಆ ನಗು ನೋಡಿ ಅವನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಓನರಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡು ತಂಗಿಯ ನಂಬರು ಹುಡುಕತೊಡಗಿದರು.

ಐದೂ ಹತ್ತಕ್ಕೆ ಮ್ಯಾನೇಜರ ಫೋನು ಬಂತು.

“ಎಲ್ಲಿದೀರಿ?”

“ಹಲ್ಲಿನ ಡಾಕ್ಟರ ಹತ್ರ ಸರ್.”

“ಹಲ್ಲಿನ ಡಾಕ್ಟರ ಹತ್ರ ಐವತ್ತೈದು ಇಂಚಿನ ಟಿವಿ ಇದೆಯಾ?”

ಸರಿಯಪ್ಪ ಟಿವಿಯ ಕಡೆ ತಿರುಗಿ ನೋಡಿದ. ಯಾವ ಸಾಧನದಿಂದ ಒತ್ತಿದ್ದು ಅನ್ನುವುದೂ ಅವರಿಗೆ ಕಾಣುತ್ತದೆ ಅನ್ನುವುದನ್ನು ಮರೆತೇಬಿಟ್ಟಿದ್ದ.

“ಹದಿನೆಂಟು ಜನಕ್ಕೆ ಕಾಗದ ಹೋಗಿತ್ತು. ಹದಿನೇಳು ಜನ ಒಪ್ಪಿದಾರೆ. ಕೆಂಪು ಒತ್ತಿದವರು ನೀವೊಬ್ಬರೇ.”

ಹದಿನೇಳು ಜನ! ಬೆಳಗಿಂದ ಅದುಮಿಟ್ಟುಕೊಂಡಿದ್ದು ಒಮ್ಮೆಲೇ ಹೊರಗೆ ಬಂದುಬಿಟ್ಟಿತು. “ಸರ್, ಅವರು ಒಪ್ಪಿಲ್ಲ. ಅವರಿಗೆ ಕೆಂಪು ಕಂಡೇ ಇಲ್ಲ. ತಪ್ಪು ನನ್ನದು ಸರ್. ಸಾಧನಗಳಲ್ಲಿ ನೋಡದೇ ಸಹಿ ಹಾಕಿಬಿಟ್ಟೆ. ಕೆಂಪು ಬಟನ್ ಬಿಟ್ಟುಹೋಗಿರೋದು ನನ್ನ ಕಣ್ಣಿಗೆ ಬೀಳಲಿಲ್ಲ.”

ಮ್ಯಾನೇಜರು ದನಿ ಏರಿಸಿದರು.

“ಬಿಟ್ಟುಹೋಗಿರೋದಾ? ಏನ್ರೀ ಮಾತಾಡ್ತಿದೀರಿ? ಅದು ಕಾಣಬಾರದು ಅಂತಲೇ ಮಾಡಿಸಿರೋದು! ಕೆಂಪು ಬಟನ್ ಇರಬೇಕು ಅಂತ ಕಾನೂನಲ್ಲಿದೆ, ಕಾಣಬೇಕು ಅಂತ ಎಲ್ಲೂ ಇಲ್ಲ. ನಲವತ್ತೆರಡರಲ್ಲಿ ಮುಚ್ಚಿಸಿದ್ವಿ. ಟಿವೀಲಿ ಮುಚ್ಚೋದು ತಂಡದವರು ಮರೆತಿದಾರೆ. ಮರೀತಾರೆ ಅಂತ ತಾನೇ ನಿಮ್ಮನ್ನ ಇಟ್ಟುಕೊಂಡಿರೋದು? ಎಲ್ಲ ಪರದೆಗಳಲ್ಲೂ ಒಂದೇ ಥರ ಇದೆ ಅಂತ ಸಹಿ ಹಾಕಿದ್ಯಾರು?”

“ನಾನೇ ಸರ್.”

“ಹೋಗಲಿ. ನಿಮ್ಮ ವರ್ಗ ರದ್ದಾಗಿದೆ, ಕಾನೂನು ಅಂದ್ರೆ ಕಾನೂನು. ಈಗ ಟಿವೀದನ್ನೂ ಸರಿ ಮಾಡಿಸಿದೀನಿ. ಹೇಗೂ ಟಿವಿ ಮುಂದೆ ಇದೀರಲ್ಲ, ಹೊಸ ಕಾಗದ ಒಂದು ಕಳಿಸಿದೀನಿ. ಕೆಂಪು ಕಾಣುತ್ತಾ ನೋಡಿ ಹೇಳಿ. ಈ ಸಲವಾದರೂ ಕಣ್ಣು ಬಿಟ್ಟು ನೋಡ್ರಿ.”

ವರ್ಗ ರದ್ದು! ಸರಿಯಪ್ಪ ಚಂಗನೆ ಎದ್ದ. ಕಳೆದುಹೋದ ಮರ್ಯಾದೆಯನ್ನು ಈ ಒಂದು ಕೆಲಸದಲ್ಲಾದರೂ ವಾಪಸು ಪಡೆಯಬೇಕು ಅನ್ನಿಸಿತು. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಾಲ್ಕು ಮೂಲೆಯನ್ನೂ ನೋಡಿದ. ರಿಮೋಟಿನಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸಿದ. ಟಿವಿ ಆರಿಸಿ ಮತ್ತೆ ಹಾಕಿ ನೋಡಿದ. ತನ್ನ ಫೋನಿನಲ್ಲಿ ನೋಡಿದ, ಹೆಂಡತಿಯ ಫೋನಿನಲ್ಲೂ ತನ್ನ ಹೆಸರಲ್ಲಿ ಒಳಹೊಕ್ಕು ನೋಡಿದ. ಬೇಡ ಬೇಡ ಅಂದರೂ ಕೇಳದೆ ಓನರಮ್ಮನ ಫೋನನ್ನೂ ಇಸಿದುಕೊಂಡು ನೋಡಿದ.

“ಎಲ್ಲೂ ಕೆಂಪಿಲ್ಲ ಸರ್. ಹಸಿರು ಮಾತ್ರ.”

“ಖಂಡಿತ?”

“ಖಂಡಿತ ಸರ್. ಎಲ್ಲ ಪರದೆಗಳಲ್ಲೂ ಒಂದೇ ಥರ ಇದೆ.”

“ಹಾಗಾದ್ರೆ ಸಹಿ ಹಾಕಿ ಕಳಿಸಿಬಿಡಿ.”

ಸರಿಯಪ್ಪ ಫೋನಿನಲ್ಲೇ ಸಹಿ ಹಾಕಿ ಕಳಿಸಿದ. ಕಳಿಸಿ ತಿರುಗಿದರೆ ಹೆಂಡತಿಯ ಮುಖದಲ್ಲಿ ನಗು ಇರಲಿಲ್ಲ.

“ರೀ, ಬಟನ್ ನೋಡಿದ್ರಿ. ಅದರ ಮೇಲಿರೋ ಕಾಗದ ಓದಿದ್ರಾ?”

ಅವನು ಓದಿರಲಿಲ್ಲ. ಓನರಮ್ಮ ಕನ್ನಡಕ ಏರಿಸಿಕೊಂಡು ಸೋಫಾದವರಿಗೂ ಕೇಳುವ ಹಾಗೆ ಓದಿದರು.

“‘ಪರೀಕ್ಷೆಯಲ್ಲಿ ತೋರಿದ ನಿರ್ಲಕ್ಷ್ಯಕ್ಕಾಗಿ ತಮ್ಮನ್ನು ಇಂದಿನಿಂದಲೇ ಕೆಲಸದಿಂದ ತೆಗೆಯಲಾಗಿದೆ. ಒಪ್ಪದಿದ್ದಲ್ಲಿ ಪಕ್ಕದ ಕೆಂಪು ಬಟನ್ ಒತ್ತುವುದು.’”

ಸರಿಯಪ್ಪ ಟಿವಿಯ ಕಡೆ ಮತ್ತೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಒಂಬತ್ತು ವರ್ಷಗಳಲ್ಲಿ ಅವನು ನಿಜವಾಗಿ ನೋಡಿ ಸಹಿ ಹಾಕಿದ್ದು ಅದೊಂದಕ್ಕೇ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ.