ಕಾಕಾನ ಧೋತರದ ಇನ್ನೊಂದು ತುದಿ

ನಮ್ಮ ಕಾಕಾ ಹಗ್ಗವನ್ನು ನಂಬುತ್ತಿರಲಿಲ್ಲ. ದೇವರನ್ನು ನಂಬುತ್ತಿದ್ದರು, ಕಚೇರಿಯ ಸಾಹೇಬನನ್ನು ನಂಬುತ್ತಿದ್ದರು. ಹೋಗಲಿ, ಹಾಲಿಗೆ ನೀರು ಬೆರೆಸುವುದಿಲ್ಲವೆಂದು ದಿನಾ ಆಣೆ ಮಾಡುವ ಲಕಮನಹಳ್ಳಿಯ ಗವಳಿಯನ್ನೂ ನಂಬುತ್ತಿದ್ದರು! ಆದರೆ ಅಂಗಳದಲ್ಲಿ ಬೇವಿನ ಗಿಡದಿಂದ ಬಾವಿಯ ಕಂಬದವರೆಗೆ ಕಟ್ಟಿದ್ದ, ಇಡೀ ಮನೆಯ ಹಸಿ ಅರಿವೆಯನ್ನು ತುಟಿ ಪಿಟ್ಟೆನ್ನದೆ ಹೊತ್ತುಕೊಂಡಿದ್ದ ಆ ಬಡಪಾಯಿ ಹಗ್ಗದ ಮೇಲೆ ಮಾತ್ರ ಅವರಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ.

ಕಾಕೂನ ಸೀರೆ, ನನ್ನ ಅಂಗಿ, ಹಾಸಿಗೆಯ ಹೊದಿಕೆ ಎಲ್ಲವೂ ಹಗ್ಗದ ಮೇಲೆ. ಕಾಕಾನ ಧೋತರ ಮಾತ್ರ ಕೈಯಲ್ಲೇ ಒಣಗಬೇಕು. ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದನ್ನು ಕಿಟಕಿಯ ಸರಳಿಗೆ ಕಟ್ಟಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ತಂದೆಯಿಲ್ಲದ ನಾನು ಕಾಲೇಜು ಕಲಿಯಲು ಗೋಪನಕೊಪ್ಪದಿಂದ ಧಾರವಾಡಕ್ಕೆ ಅವರ ಮನೆಗೆ ಬಂದೆ ನೋಡಿ, ಮರುದಿನವೇ ಆ ಸರಳಿಗೆ ಪೆನ್ಶನ್ ಆಯಿತು. ಆ ಜಾಗಕ್ಕೆ ನನ್ನ ನೇಮಕವಾಯಿತು!

ಹಗ್ಗ ಏನು ಪಾಪ ಮಾಡಿದೆ ಎಂದು ಕೇಳಿದೆ. ಮೊದಲ ದಿನ, ಹಗ್ಗದ ಗೆರೆ ಧೋತರದ ಮೇಲೆ ಮೂಡುತ್ತದೆ ಎಂದರು. ಮರುದಿನ ತಪ್ಪನ್ನು ಕಾಗೆಯ ಮೇಲೆ ಹಾಕಿದರು. ಮೂರನೆಯ ದಿನ, ಧಾರವಾಡದ ಬಿಸಿಲಿಗೆ ಹಗ್ಗದ ಮೇಲಿನ ಮಡಿಕೆ ದಾಟಿ ಒಳಗೆ ಹೋಗುವಷ್ಟು ತಾಕತ್ತಿಲ್ಲ ಎಂದರು. ಒಳಗಿನಿಂದ ಕಾಕೂ ಅಂದಳು: “ಟ್ರಂಕಿನ್ಯಾಗ ಆರು ಧೋತರ ಇಸ್ತ್ರಿ ಆಗಿ ಕೂತಾವ. ಈ ಒಂದಕ್ಕ ಮಾತ್ರ ಇಬ್ರು ಆಳು ಬೇಕು ನೋಡು.”

ಕೆಲಸವೇನು ಸಣ್ಣದೇ? ಅದು ಮಡಿ ಧೋತರ, ಆದ್ದರಿಂದ ಹಿಡಿಯುವವನದೂ ಸ್ನಾನವಾಗಿರಬೇಕು. ಒಂಬತ್ತು ಮೊಳದ ಆಚೆ ತುದಿಗೆ ಟೊಂಕಕ್ಕೆ ಪಂಜೆ ಸುತ್ತಿಕೊಂಡ ಕಾಕಾ, ಈಚೆ ತುದಿಗೆ ನಡುಗುವ ನಾನು. “ಬಿಗಿ ಹಿಡಿ” ಅನ್ನುವರು. ಹಿಡಿದರೆ “ಅಷ್ಟ ಬ್ಯಾಡ” ಅನ್ನುವರು. ಎರಡೂ ಕೈ ಧೋತರಕ್ಕೆ ಒತ್ತೆ ಬಿದ್ದಿರುವಾಗಲೇ ಮೂಗಿಗೆ ತುರಿಕೆ ನೆನಪಾಗುತ್ತದೆ! ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚೆನ್ನುವ ಕಾಕಾ ಆ ಕಾಲು ತಾಸಿನಲ್ಲಿ ಮಾತ್ರ ನನ್ನ ಪಾಠ, ಗೆಳೆಯರು, ಅವ್ವನ ಕಾಗದ, ಊರಿನ ಎಮ್ಮೆ ಈದದ್ದು, ಎಲ್ಲವನ್ನೂ ಕೇಳುತ್ತಿದ್ದರು. ಒಣಗಿತು ಅನ್ನಿಸಿದಾಗ ಹುಬ್ಬು ಏರಿಸಿ “ಬಾ” ಅನ್ನುವರು. ನಾನು ನನ್ನ ತುದಿ ಹಿಡಿದು ಅವರ ಕಡೆ ನಡೆದು, ಅಂಚಿಗೆ ಅಂಚು ಕೂಡಿಸಿ ಅವರ ಕೈಗೆ ಕೊಡಬೇಕು. ಅಲ್ಲಿಗೆ ನನಗೆ ಬಿಡುಗಡೆ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಬಿಡುಗಡೆ ಎಂದುಕೊಂಡಿರೇನು? ಆಗ ಅಡುಗೆಮನೆಯ ಒಲೆಯ ಎರಡೂ ಬದಿಗೆ ನಾವಿಬ್ಬರು. ಕಾಕೂ ಧೋತರದ ಕೆಳಗೆ ಬಗ್ಗಿ ಬಗ್ಗಿ ರೊಟ್ಟಿ ಬೇಯಿಸುವಳು. ಆ ತಿಂಗಳೆಲ್ಲ ಕಾಕಾ ಕಚೇರಿಗೆ ಹೋದರೆ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಅವರಿಗಿಂತ ಮೊದಲೇ ಒಳಗೆ ಹೋಗುತ್ತಿತ್ತಂತೆ!

ಇನ್ನೊಮ್ಮೆ ಕಚೇರಿಯ ಸಿಪಾಯಿ ಸಾಹೇಬನ ಅವಸರದ ಕಾಗದ ತಂದ. ಸಹಿ ಆಗಬೇಕು, ಕಾಕಾನ ಕೈ ಖಾಲಿ ಇಲ್ಲ. ಸೋಮವಾರವೆಂದು ಅವನದೂ ಸ್ನಾನವಾಗಿದೆ ಎಂದು ಖಾತ್ರಿ ಮಾಡಿಕೊಂಡು ತಮ್ಮ ತುದಿಯನ್ನು ಅವನ ಕೈಗೆ ಕೊಟ್ಟರು. ಕೆಂಪು ಪಟ್ಟೆ, ಹಿತ್ತಾಳೆಯ ಬಿಲ್ಲೆ ಸಮೇತ ಸರಕಾರವೇ ಧೋತರ ಹಿಡಿದು ನಿಂತಿತು. ಸಹಿ ಮುಗಿದು ಐದು ನಿಮಿಷವಾದರೂ ಆಸಾಮಿ ಬಿಡಲೊಲ್ಲ. “ಇನ್ನಾ ಅಂಚು ಹಸಿ ಐತ್ರಿ ರಾಯರ” ಅಂದ.

ನಾನು ಆ ಸಿಪಾಯಿಯಷ್ಟೂ ಯೋಗ್ಯನಾಗಲಿಲ್ಲ. ಎರಡನೆಯ ವರ್ಷಕ್ಕೆ ಬಂದೆ, ಜುಟ್ಟು ಹೋಗಿ ಕ್ರಾಪು ಬಂತು, ಕ್ರಾಪಿನ ಜೊತೆಗೆ ಮಾನವೂ ಬಂತು. ನಮ್ಮ ಅಂಗಳಕ್ಕೂ ರಸ್ತೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಒಂದು ಬೆಳಿಗ್ಗೆ ನನ್ನ ಕ್ಲಾಸಿನ ಮೂವರು ಗೆಳೆಯರು, ಇಸ್ತ್ರಿ ಮುರಿಯದ ಕೋಟಿನವರು, ನಗುತ್ತ ಆ ರಸ್ತೆಯಲ್ಲಿ ಬರುವುದು ಕಾಣಿಸಿತು. ಕಾಕಾ ಅವ್ವನ ಮೊಣಕಾಲು ನೋವಿನ ವಿಷಯ ಕೇಳುತ್ತಿದ್ದರು. ನಾನು ಧೋತರ ಬಿಟ್ಟೆ. ಬಿಟ್ಟು ಮನೆಯೊಳಗೆ ಓಡಿ ಬಾಗಿಲ ಹಿಂದೆ ನಿಂತೆ.

ಕಾಕೂ ಆಗತಾನೆ ಅಂಗಳಕ್ಕೆ ಸಗಣಿ ಸಾರಿಸಿದ್ದಳು. ಧೋತರ ಅದರ ಮೇಲೇ ಬಿತ್ತು. ಬಾಗಿಲ ಸಂದಿಯಿಂದ ನೋಡಿದೆ: ಕಾಕಾ ತಮ್ಮ ತುದಿಯನ್ನು ಇನ್ನೂ ಹಿಡಿದೇ ನಿಂತಿದ್ದರು. ಗೆಳೆಯರು ನನ್ನ ಬಗ್ಗೆ ವಿಚಾರಿಸಿದಾಗ “ಒಳಗ ಅಭ್ಯಾಸ ಮಾಡ್ಲಿಕತ್ತಾನ, ಬರ್ರಿ” ಎಂದು ಮರ್ಯಾದೆಯಿಂದ ಕರೆದರು. ಆಮೇಲೆ ಬಾವಿಗೆ ಹೋಗಿ ಧೋತರವನ್ನು ಮತ್ತೆ ಒಗೆದರು. ನನ್ನನ್ನು ಬೈಯಲಿಲ್ಲ. ಅಂದು ಮೊದಲ ಬಾರಿ ಕಚೇರಿಗೆ ತಡವಾಗಿ ಹೋದರು.

ಮರುದಿನ ಕಾಕಾನ ಧೋತರ ಹಗ್ಗದ ಮೇಲಿತ್ತು.

ಪೀಡೆ ತೊಲಗಿತು ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ? ದೀಪಾವಳಿಗೆ ಊರಿಗೆ ಹೋದಾಗ ಇದನ್ನೇ ದೊಡ್ಡ ಚೇಷ್ಟೆಯ ಕತೆ ಮಾಡಿ ಅವ್ವನಿಗೆ ಹೇಳಿದೆ. ಅವಳು ನಗಲಿಲ್ಲ. ಅಪ್ಪ, ಕಾಕಾ ಇಬ್ಬರೂ ಹುಡುಗರಿದ್ದಾಗ ಧಾರವಾಡದಲ್ಲಿ ವಾರಾನ್ನದ ಮೇಲೆ ಸಾಲಿ ಕಲಿತವರು. ವಾರದ ಒಂದೊಂದು ದಿನ ಒಂದೊಂದು ಮನೆಯ ಊಟ, ಒಬ್ಬೊಬ್ಬರಿಗೆ ಒಂದೊಂದೇ ಧೋತರ. ಒಗೆದು ಒಣಗಿಸಿ ಉಟ್ಟುಕೊಂಡು ಹೋದರೆ ಮಾತ್ರ ಪಂಕ್ತಿಯಲ್ಲಿ ಎಲೆ. ಅಷ್ಟು ನನಗೂ ಅರೆಬರೆ ಗೊತ್ತಿತ್ತು. ಅವ್ವ ಮುಂದಿನದನ್ನು ಹೇಳಿದಳು.

“ಒಂದ ದಿನ ನಿಮ್ಮ ಕಾಕಾನ ಧೋತರ ಹಗ್ಗದ ಮ್ಯಾಲಿಂದ ಗಾಳಿಗೆ ಹಾರಿ ರಾಡಿಯೊಳಗ ಬಿತ್ತಂತ. ಮತ್ತ ಒಗದು ಒಣಗಸೂದ್ರಾಗ ಪಂಕ್ತಿ ಎದ್ದಿತ್ತು. ನಿಮ್ಮಪ್ಪನ ಧೋತರ ಒಣಗಿತ್ತು, ಆದರ ಅವರೂ ಉಣ್ಣಲಿಕ್ಕೆ ಹೋಗಲಿಲ್ಲ. ಅವತ್ತಿನಿಂದ ಹಗ್ಗ ಬಿಟ್ರು. ಒಂದ ತುದಿ ಅಣ್ಣ, ಒಂದ ತುದಿ ತಮ್ಮ. ನಿಮ್ಮಪ್ಪ ಹೋದ ಮ್ಯಾಲ ಆ ತುದಿ ಯಾರ ಕೈಯಾಗೂ ಕೊಟ್ಟಿದ್ದಿಲ್ಲ ಅವರು. ನಿನಗ ಕೊಟ್ಟಿದ್ರು.”

ತಿರುಗಿ ಬಂದ ಮರುದಿನವೇ, ಧೋತರ ಹಿಡಿಯಲೇ ಎಂದು ಕಾಕಾನನ್ನು ಕೇಳಬೇಕೆಂದುಕೊಂಡೆ. ನಾಚಿಕೆಯಾಯಿತು. ನಾಳೆ ಕೇಳಿದರಾಯಿತು ಎಂದೆ. ಆ ನಾಳೆಯನ್ನೇ ಹಿಡಿದು ಎರಡು ವರ್ಷ ಕಳೆದೆ. ಕಾಲು ತಾಸು ಹೋದ ಮೇಲೆ ಕಾಕಾನ ಮಾತೂ ಹೋಗಿತ್ತು. “ಊಟಾತೇನು?” “ಆತ್ರಿ.” ಅಷ್ಟೇ. ನನ್ನ ಪರೀಕ್ಷೆ ಮುಗಿಯಿತು, ಹುಬ್ಬಳ್ಳಿಯ ಸಾಲಿಯೊಂದರಲ್ಲಿ ಮಾಸ್ತರಿಕೆಯೂ ಸಿಕ್ಕಿತು. ಹೊರಡುವ ದಿನ ಕಾಕಾ ಬಾಗಿಲವರೆಗೆ ಬಂದು ನಿಂತರು. ಅಂದೂ ಕೇಳದೆ, ಕಾಲಿಗೆರಗಿ ಹೊರಟುಬಿಟ್ಟೆ. ಮೂರ್ಖನಿಗೆ ಮಾನ ಹೆಚ್ಚು.

ಮುಂದಿನ ಚಳಿಗಾಲದಲ್ಲಿ ಕಾಕಾ ಜ್ವರದಿಂದ ಎದ್ದು ಬಹಳ ಸೊರಗಿದ್ದಾರೆಂದು ಸುದ್ದಿ ಬಂತು. ನಾನು ಹೋದಾಗ ಅಂಗಳದ ಎಳೆಬಿಸಿಲಲ್ಲಿ ಹೊರಸಿನ ಮೇಲೆ ಕೂತಿದ್ದರು. ಧೋತರ ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಬಾವಿಗೆ ಹೋಗಿ ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು ಬಂದು, ಧೋತರ ಇಳಿಸಿ ಒಂದು ತುದಿಯನ್ನು ಅವರ ಮುಂದೆ ಹಿಡಿದೆ.

“ಹಗ್ಗ ಅದಲ್ಲೋ” ಅಂದರು ಕಾಕಾ. “ನಿನಗ್ಯಾಕ ತ್ರಾಸ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಹಿಡೀರಿ ಕಾಕಾ” ಅಂದೆ.

ಅವರು ಹಿಡಿದರು. ನಾನು ಇನ್ನೊಂದು ತುದಿ ಹಿಡಿದು ಹಿಂದೆ ಸರಿದು ನಿಂತೆ. ರಸ್ತೆಯಲ್ಲಿ ಯಾರೋ ಕಾಲೇಜಿನ ಹುಡುಗರು ನಿಂತು ನೋಡಿ ನಕ್ಕರು. ನಗಲಿ! ಕಾಕಾ ಸಾಲಿಯ ವಿಷಯ ಕೇಳಿದರು, ಅವ್ವನ ಮೊಣಕಾಲು ಕೇಳಿದರು, ಎಮ್ಮೆಯನ್ನೂ ಬಿಡಲಿಲ್ಲ. ನಡುವೆ ಒಮ್ಮೆ “ಬಿಗಿ ಹಿಡಿ” ಅಂದರು. ಧೋತರ ಯಾವಾಗಲೋ ಒಣಗಿತ್ತು. ಕಾಕೂ ಎರಡು ಸಲ ಊಟಕ್ಕೆ ಕರೆದು ಹೋದಳು.

ಮಾತು ಮುಗಿದ ಮೇಲೆ ಕಾಕಾ ತಮ್ಮ ತುದಿಯ ಅಂಚನ್ನು ಮುಟ್ಟಿ ನೋಡಿದರು. ಆಮೇಲೆ ಹುಬ್ಬು ಏರಿಸಿ “ಬಾ” ಅಂದರು.