ವಾ ಪೆಡಲಿನ ಬಗ್ಗೆ ಆಟಗಾರರ ಅಭಿಪ್ರಾಯ

ಗಿಟಾರಿನ ವಾ ಪೆಡಲ್ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಆಟಗಾರರಿಗೆ ಮಾತ್ರ ಇದೆ. ಗಿಟಾರ್ ನುಡಿಸುವವರಿಗೆ ಇಲ್ಲ. ಇದು ನಮ್ಮ ನಗರ ವಾದ್ಯವೃಂದ ಮಂಡಳಿಯ ನಿಯಮ. ಇದನ್ನು ಕೇಳಿ ನಗುವವರು ನಿಯಮಾವಳಿ ಓದದವರು ಎಂದೇ ನಾನು ತಿಳಿಯುತ್ತೇನೆ. ನಾನು ಮಂಡಳಿಯ ಅಭಿಪ್ರಾಯ ಶಾಖೆಯ ಮೇಲ್ವಿಚಾರಕ. ಇಷ್ಟು ವರ್ಷದ ಸೇವೆಯಲ್ಲಿ ಸ್ವಂತದ್ದೆಂಬ ಒಂದು ಅಭಿಪ್ರಾಯವನ್ನೂ ಇಟ್ಟುಕೊಂಡವನಲ್ಲ ಎಂದು ಮೇಲಧಿಕಾರಿಗಳು ನನ್ನನ್ನು ಸಭೆಯಲ್ಲೇ ಹೊಗಳಿದ್ದುಂಟು.

ವಾ ಪೆಡಲ್ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನನಗೂ ಗೊತ್ತಿರಲಿಲ್ಲ. ಅದು ಬೂಟಿನಷ್ಟು ದೊಡ್ಡದಾದ ಕಬ್ಬಿಣದ ಪೆಟ್ಟಿಗೆ. ಗಿಟಾರಿನಿಂದ ಒಂದು ವೈರು ಅದರೊಳಗೆ ಹೋಗುತ್ತದೆ, ಅದರಿಂದ ಇನ್ನೊಂದು ವೈರು ಸ್ಪೀಕರಿಗೆ ಹೋಗುತ್ತದೆ. ಮೇಲಿನ ಹಲಗೆಯ ಮೇಲೆ ಕಾಲಿಟ್ಟು ಮುಂದಕ್ಕೆ ಒತ್ತಿದರೆ ಗಿಟಾರಿನ ಸ್ವರ ಬಾಯಿ ಅಗಲಿಸಿ 'ವಾ' ಎನ್ನುತ್ತದೆ, ಹಿಂದಕ್ಕೆ ಒತ್ತಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ತೆರೆಸುವುದಕ್ಕೂ ಮುಚ್ಚಿಸುವುದಕ್ಕೂ ಒಂದೇ ಸಾಧನ ಸಾಕು ಎಂದು ತಿಳಿದಾಗ ನಮ್ಮ ನಿರ್ದೇಶಕರು ತುಂಬ ಆಸಕ್ತಿ ತೋರಿದರು.

ವಾದ್ಯವೃಂದದಲ್ಲಿ ಗಿಟಾರಿನವ ಒಬ್ಬನೇ. ಮನುಷ್ಯ ಮುಂಗೋಪಿ. ತನ್ನಂಥ ಕಿವಿ ಊರಲ್ಲೇ ಇನ್ನೊಬ್ಬರಿಗಿಲ್ಲ ಎಂಬ ಧಿಮಾಕು ಬೇರೆ. ಅವನ ಬಳಿ ಮಂಡಳಿಯದೇ ಆದ ಒಂದು ಹಳೆಯ ವಾ ಪೆಡಲ್ ಇತ್ತು. ಅದನ್ನು ಒತ್ತಿ ಒತ್ತಿ ಅವನು ಒಂದು ಕೃತಿ ಕಟ್ಟಿದ್ದ. ಅದರಲ್ಲಿ ಗಿಟಾರು 'ವಾ, ವಾ' ಎನ್ನುತ್ತಲೇ ಹೋಗಿ ಕಡೆಗೊಮ್ಮೆ ಸ್ಪಷ್ಟವಾಗಿ 'ಬಾ' ಎನ್ನುತ್ತಿತ್ತು. ಅವನ ಅಭ್ಯಾಸದ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಆ 'ಬಾ' ಕೇಳಿ ನಾನು ಎಷ್ಟೋ ಸಲ ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋಗಿ, ಯಾರೂ ಇಲ್ಲದ್ದನ್ನು ನೋಡಿ ವಾಪಸು ಬಂದಿದ್ದೇನೆ. ಇದು ಅಭಿಪ್ರಾಯವಲ್ಲ, ನಡೆದದ್ದು. ಮಂಡಳಿಯ ವಾರ್ಷಿಕೋತ್ಸವದಲ್ಲಿ ಈ ಕೃತಿಯನ್ನು ಅವನೊಬ್ಬನೇ ವೇದಿಕೆಯ ಮೇಲೆ ನಿಂತು ನುಡಿಸುವುದೆಂದು ನಿಗದಿಯಾಗಿತ್ತು. ಸೇವೆಗೆ ಸೇರಿದ ಮೇಲೆ ಅವನಿಗೆ ಅಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ನಿರ್ದೇಶಕರ ಭಾವಮೈದುನ ಸಂಗೀತ ಕ್ಷೇತ್ರವನ್ನು ಪ್ರವೇಶಿಸಿದರು. ಅವರದು ಹೊಲಿಗೆ ಯಂತ್ರಕ್ಕೆ ಪೆಡಲ್ ಮಾಡುವ ಕಾರ್ಖಾನೆ. ಹೊಲಿಗೆ ಯಂತ್ರಗಳೆಲ್ಲ ಕರೆಂಟಿಗೆ ತಿರುಗಿಕೊಂಡದ್ದರಿಂದ ಪೆಡಲುಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು.

"ಪೆಡಲ್ ಅಂದ್ಮೇಲೆ ಎಲ್ಲಾ ಪೆಡಲ್ಲೇ ಭಾವ. ಕಾಲಿಗೇನು ವ್ಯತ್ಯಾಸ ಗೊತ್ತಾಗುತ್ತೆ?" ಎಂದು ಅವರು ಕೇಳಿದರಂತೆ. ನಿರ್ದೇಶಕರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಪ್ರಶ್ನೆಗೆ ಖರೀದಿಯೇ ಉತ್ತರ ಎಂಬುದು ಮಂಡಳಿಯ ಪದ್ಧತಿ. ವಾದ್ಯವೃಂದದಲ್ಲಿ ಗಿಟಾರು ಒಂದೇ ಇದ್ದುದರಿಂದ, ದುಂದುವೆಚ್ಚ ಬೇಡವೆಂದು, ಇನ್ನೂರೇ ಪೆಡಲ್ ಕೊಳ್ಳುವುದೆಂದು ತೀರ್ಮಾನವಾಯಿತು. ಹೊಸದು ಮಂಜೂರಾದ ದಿನವೇ ಹಳೆಯದನ್ನು ಗುಜರಿಗೆ ಹಾಕುವುದು, ಅಲ್ಲಿಯವರೆಗೆ ಅದು ಅಭಿಪ್ರಾಯ ಶಾಖೆಯ ಬೀರುವಿನಲ್ಲಿ ಬೀಗದೊಳಗಿರುವುದು ಎಂದೂ ಆಯಿತು.

ಮಾದರಿಗೆಂದು ಎರಡು ವೈರು ಸಿಕ್ಕಿಸಿಕೊಂಡು ಬಂದ ಮೊದಲ ಪೆಡಲನ್ನು ಗಿಟಾರಿನವ ಯಾರನ್ನೂ ಕೇಳದೆ ತನ್ನ ಗಿಟಾರಿಗೆ ಜೋಡಿಸಿ ನೋಡಿದ. ಐದು ನಿಮಿಷಕ್ಕೆಲ್ಲ ದುಸುಮುಸು ಎನ್ನುತ್ತ ನನ್ನ ಕೋಣೆಗೆ ಬಂದ.

"ಇದು ವಾ ಅನ್ನಲ್ಲ ಸಾರ್. ವ್ಯಾಕ್ ಅನ್ನುತ್ತೆ."

"ಸ್ವಲ್ಪ ಹೊಂದಿಕೊಂಡು ಹೋಗಿ."

"ನಾನು ಹೊಂದಿಕೋತೀನಿ. ಅದು ವಾಂತಿ ಮಾಡ್ಕೊಂಡ್ರೆ ಕೇಳೋರು ಏನು ಮಾಡ್ಬೇಕು? ನನ್ನ ಹಳೇದು ಕೊಡಿ, ಸಾಕು."

ಅವನ ಸಂಕಟ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೆ ಅರ್ಥವಾದದ್ದನ್ನೆಲ್ಲ ಕಚೇರಿಯಲ್ಲಿ ತೋರಿಸಿಕೊಳ್ಳಲಾಗದು. ಖರೀದಿಗೆ ಮುಂಚೆ ಅಭಿಪ್ರಾಯ ಪಡೆಯುವ ನಿಯಮ ಇದ್ದೇ ಇದೆ, ಅಭಿಪ್ರಾಯ ಚೆನ್ನಾಗಿ ಬರದಿದ್ದರೆ ಹೊಸ ಪೆಡಲ್ ವಾಪಸು ಹೋಗುತ್ತದೆ, ನಿಮ್ಮ ಹಳೆಯದು ನಿಮಗೆ ಸಿಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಅವನು ಖುಷಿಯಾಗಿ ಹೋದ. ಅಭಿಪ್ರಾಯ ಕೇಳುವುದಾದರೆ ತನ್ನನ್ನಲ್ಲದೆ ಇನ್ಯಾರನ್ನು ಕೇಳುತ್ತಾರೆ ಎಂದು ಅವನ ಲೆಕ್ಕ.

ಆ ನಿಯಮ ಮೂಲದಲ್ಲಿ ಬೇರೆ ಭಾಷೆಯಲ್ಲಿತ್ತು. ಅದರಲ್ಲಿ 'ಪ್ಲೇಯರ್‌ಗಳ ಅಭಿಪ್ರಾಯ' ಎಂದಿತ್ತು. ಆಡಳಿತವೆಲ್ಲ ಜನರಿಗೆ ತಿಳಿಯುವ ಭಾಷೆಯಲ್ಲೇ ನಡೆಯಬೇಕಾದ್ದರಿಂದ ಅದನ್ನು ಅನುವಾದ ಶಾಖೆಗೆ ಕಳಿಸಲಾಯಿತು. ಅಲ್ಲಿನ ಮೇಡಂ ಬಹಳ ನಿಷ್ಠೆಯವರು. ನಿಘಂಟು ತೆರೆದರು, ಪ್ಲೇಯರ್ ಎಂದರೆ ಆಟಗಾರ ಎಂದಿತ್ತು, ಹಾಗೇ ಬರೆದರು. ಮರುದಿನ ಗೋಡೆಗೆ ಸುತ್ತೋಲೆ ಬಿತ್ತು:

'ವಾ ಪೆಡಲ್ ಎಂಬ ಕಾಲೊತ್ತು ಸಾಧನದ ಬಗ್ಗೆ ಆಟಗಾರರ ಅಭಿಪ್ರಾಯವನ್ನು ಆಹ್ವಾನಿಸಲಾಗಿದೆ. ಆಟಗಾರರಲ್ಲದವರು ಅಭಿಪ್ರಾಯ ಹೊಂದಿದ್ದಲ್ಲಿ ಅದನ್ನು ಸ್ವಂತ ಜವಾಬ್ದಾರಿಯ ಮೇಲೆ ತಂತಮ್ಮ ಮನೆಯಲ್ಲೇ ಇಟ್ಟುಕೊಳ್ಳತಕ್ಕದ್ದು.'

ಗಿಟಾರಿನವ ಬಂದ. ನಾನು ಕೇಳಲೇಬೇಕಾದ್ದನ್ನು ಕೇಳಿದೆ.

"ನೀವು ಆಟಗಾರರಾ?"

"ನಾನು ಗಿಟಾರ್ ನುಡಿಸೋನು. ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ. ನುಡಿಸ್ತೀರಿ. ಆಡ್ತೀರಾ?"

"ಗಿಟಾರನ್ನ ಯಾರಾದ್ರೂ ಆಡ್ತಾರೇನ್ರೀ?"

"ಆಡಲ್ಲ ಅಂತ ನೀವೇ ಒಪ್ಕೊಂಡ್ರಿ. ಮುಂದಿನವರು ಬನ್ನಿ."

ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಭಾಷೆಯಲ್ಲಿ ವಾದ್ಯವನ್ನು ನುಡಿಸುತ್ತಾರೆ, ಬಾರಿಸುತ್ತಾರೆ, ಊದುತ್ತಾರೆ, ಆಡುವುದಿಲ್ಲ. ಇದನ್ನು ನಾನು ಮಾಡಿದ್ದಲ್ಲ. ನಿರ್ದೇಶಕರಂತೂ ಈ ಅನುವಾದವನ್ನು ಬಾಯ್ತುಂಬ ಹೊಗಳಿದರು. "ಪೆಡಲ್ ಒತ್ತೋದು ಕಾಲಲ್ಲಿ. ಕಾಲಿನ ವಿಷಯ ಫುಟ್‌ಬಾಲಿನವರಿಗಿಂತ ಚೆನ್ನಾಗಿ ಯಾರಿಗ್ರೀ ಗೊತ್ತು?" ಎಂದರು. ಅಲ್ಲಿದ್ದ ಎಲ್ಲರೂ ಅವರವರ ಕಾಲು ನೋಡಿಕೊಂಡು ತಲೆದೂಗಿದರು.

ಪರೀಕ್ಷೆ ನನ್ನ ಕೋಣೆಯಲ್ಲೇ ನಡೆಯಿತು. ಗಿಟಾರು ತಂತಿವಾದ್ಯ ಶಾಖೆಯ ಸ್ವತ್ತಾದ್ದರಿಂದ ಅದನ್ನು ಈ ಕಡೆ ತರುವಂತಿರಲಿಲ್ಲ. ಪೆಡಲನ್ನಷ್ಟೇ ಮೇಜಿನ ಪಕ್ಕ ನೆಲದ ಮೇಲಿಟ್ಟೆ. ನಗರಸಭೆಯ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಬೂಟು ಹಾಕಿಕೊಂಡೇ ಒತ್ತಿ, "ಗಟ್ಟಿ ಇದೆ, ಹಿಮ್ಮಡಿಗೆ ಹಿತವಾಗಿದೆ" ಎಂದ. ಚದುರಂಗದ ಆಟಗಾರರೊಬ್ಬರು ಗಲ್ಲದ ಮೇಲೆ ಕೈಯಿಟ್ಟು ಮಧ್ಯಾಹ್ನದ ತನಕ ಪೆಡಲನ್ನೇ ನೋಡುತ್ತ ಕೂತು, ಕೊನೆಗೆ ಒತ್ತದೇ ಎದ್ದು ಹೋದರು. ಎತ್ತರ ಜಿಗಿತದವಳು ಅದನ್ನು ಕೋಣೆಯ ನಡುವೆ ಇಟ್ಟು ದಾಟಿ, "ಇದರಲ್ಲೇನೂ ಕಷ್ಟ ಇಲ್ಲ" ಎಂದಳು. ನೌಕರರ ಕ್ಲಬ್ಬಿನ ಇಸ್ಪೀಟು ಆಟಗಾರರು ಮಾತ್ರ ಪೆಡಲನ್ನು ನೋಡುವ ಮೊದಲೇ ಭಾವಮೈದುನರನ್ನು ನೋಡಬೇಕೆಂದರು. ನೋಡಿ ಬಂದ ಮೇಲೆ ಅತ್ಯುತ್ತಮ ಎಂದರು. ಇಷ್ಟು ಜನರಲ್ಲಿ ಒಬ್ಬರಿಂದಲೂ ಶಬ್ದದ ಬಗ್ಗೆ ದೂರು ಬರಲಿಲ್ಲ. ಯಾವ ವಾದ್ಯದ ಬಗ್ಗೆಯೂ ಮಂಡಳಿಯ ಚರಿತ್ರೆಯಲ್ಲಿ ಇಂಥ ಒಮ್ಮತ ಮೂಡಿದ್ದಿಲ್ಲ.

ಇದೆಲ್ಲ ಕಿವಿಗೆ ಬಿದ್ದು ಗಿಟಾರಿನವ ಕೆಂಡಾಮಂಡಲವಾದ. ಆದರೆ ಕೂಗಾಡಲಿಲ್ಲ. ತಾನೂ ಆಟಗಾರನಾಗಿಬಿಡುತ್ತೇನೆ ಎಂದು ಹೊರಟ. ನನಗೆ ಸಂತೋಷವಾಯಿತು, ಏಕೆಂದರೆ ನಿಯಮವನ್ನು ಬೈಯುವವರು ಹೆಚ್ಚು, ನಿಯಮಕ್ಕೆ ತಕ್ಕಂತೆ ತಮ್ಮನ್ನು ತಿದ್ದಿಕೊಳ್ಳುವವರು ಕಡಿಮೆ. ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುವ ಜಾಗವೊಂದು ಖಾಲಿ ಇತ್ತು. ಒಂದು ಪಂದ್ಯ ಆಡಿದರೆ ಆಟಗಾರನ ಪ್ರಮಾಣಪತ್ರ. ಚೆನ್ನಾಗಿ ಆಡಿದರೆ ಎಂದು ನಿಯಮದಲ್ಲಿ ಎಲ್ಲೂ ಇಲ್ಲ.

ಅವನ ಹೆಂಡತಿ ನಮ್ಮ ಬೆರಳಚ್ಚು ಶಾಖೆಯವಳೇ. ಕಚೇರಿಯ ನಡುವೆಯೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಜನ ಹೊಟ್ಟೆಪಾಡಿಗೆ ಗಿಟಾರು ಬಿಟ್ಟು ಏನೇನೋ ಮಾಡ್ತಾರೆ. ನೀವು ಗಿಟಾರಿಗೋಸ್ಕರ ಗೋಲು ಕಾಯೋಕೆ ಹೋಗ್ತೀರಾ? ಬೆರಳು ಮುರಿದ್ರೆ?"

"ಬೆರಳಿಗೆ ಏನೂ ಆಗಲ್ಲ. ನೋಡ್ತಿರು."

ಬೆರಳಿಗೆ ಏನೂ ಆಗಲಿಲ್ಲ. ಪಂದ್ಯದುದ್ದಕ್ಕೂ ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಗೋಲಿನ ಮುಂದೆ ನಿಂತಿದ್ದ. ಚೆಂಡುಗಳು ಅವನ ಅಕ್ಕಪಕ್ಕದಿಂದ ಒಂದರ ಹಿಂದೊಂದು ಒಳಗೆ ಹೋದವು. ಅವನು ಬೆರಳುಗಳನ್ನು ಮುಚ್ಚಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಒಂದನ್ನು ಮಾತ್ರ ಮೂಗಿನಿಂದ ತಡೆದ. ಜನ ಹೋ ಎಂದು ಕೂಗಿದರು, ಸ್ವಂತ ತಂಡದವರೇ ಬಾಯಿಗೆ ಬಂದಂತೆ ಬೈದರು. ಅಷ್ಟು ಅವಮಾನವನ್ನು ಒಬ್ಬ ಮನುಷ್ಯ ಒಂದು ಸ್ವರಕ್ಕಾಗಿ ಸಹಿಸುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೋಡುತ್ತ ನೋಡುತ್ತ ನಾನು ಕೂತಲ್ಲಿಂದ ಎದ್ದು ನಿಂತಿದ್ದೆ. ಅದೂ ಅಭಿಪ್ರಾಯವಲ್ಲ.

ಮರುದಿನ ಅವನು ಊದಿಕೊಂಡ ಮೂಗು ಹೊತ್ತು ನನ್ನ ಕೋಣೆಗೆ ಬಂದ. ಮುಖದಲ್ಲಿ ಗೆದ್ದವನ ಕಳೆ. ಪ್ರಮಾಣಪತ್ರವನ್ನು ಮೇಜಿನ ಮೇಲೆ ಕುಟ್ಟಿದ. ಸಾಕ್ಷಿಗೆಂದು ತಂಡದ ಕ್ಯಾಪ್ಟನ್ನನ್ನೂ ಕರೆತಂದಿದ್ದ.

"ಈಗ ನಾನು ಆಟಗಾರ. ಬರ್ಕೊಳ್ಳಿ, ವ್ಯಾಕ್."

"ತಡೀರಿ. ಈ ವ್ಯಾಕ್ ನೀವು ಕೇಳಿದ್ದು ಯಾವಾಗ?"

"ಮಾದರಿ ಬಂದ ದಿನ. ನಾನೇ ನುಡಿಸಿ ನೋಡಿದ್ದೆನಲ್ಲ."

"ಆಗ ನೀವು ನುಡಿಸೋರು. ಆಟಗಾರರಾಗಿ ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು."

"ಸರಿ. ಒಂದು ನಿಮಿಷ ಇರಿ, ಗಿಟಾರ್ ತರ್ತೀನಿ."

"ತಂತಿವಾದ್ಯ ಶಾಖೆಯವರು ಬಿಟ್ರೆ ತನ್ನಿ. ಆದರೆ ಗಿಟಾರ್ ನುಡಿಸಿದ ಕೂಡಲೇ ನೀವು ಮತ್ತೆ ನುಡಿಸೋರಾಗಿಬಿಡ್ತೀರಿ. ನಿನ್ನೆ ಪಟ್ಟ ಶ್ರಮ ಎಲ್ಲಾ ದಂಡ."

ಅವನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟವನು ನಿಂತ. ಆಮೇಲೆ ಮರಳಿ ಬಂದು ಪೆಡಲಿನ ಮೇಲೆ ಕಾಲಿಟ್ಟು, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಒತ್ತಿದ.

"ಏನಾದ್ರೂ ಕೇಳಿಸ್ತಾ?" ಎಂದು ಕೇಳಿದೆ.

"ಗಿಟಾರೇ ಇಲ್ಲ, ಏನು ಕೇಳಿಸುತ್ತೆ?"

"ಕೇಳಿಸ್ತೋ ಇಲ್ವೋ, ಅಷ್ಟು ಹೇಳಿ."

"ಇಲ್ಲ."

'ಈ ಆಟಗಾರರಿಗೆ ಯಾವುದೇ ಕರ್ಕಶ ಶಬ್ದ ಕೇಳಿಬಂದಿಲ್ಲ. ಇವರು ಸಂಗೀತವನ್ನೂ ಬಲ್ಲವರೆಂಬುದು ಗಮನಾರ್ಹ' ಎಂದು ನಾನು ಬರೆದೆ. ಸಹಿ ಹಾಕುವುದಿಲ್ಲ ಎಂದು ಅವನು ಹಟ ಹಿಡಿದ. ತಂಡದ ಆಟದಲ್ಲಿ ಎಲ್ಲರ ಪರವಾಗಿ ಕ್ಯಾಪ್ಟನ್ ಸಹಿ ಹಾಕಬಹುದು, ಹಾಗಾಗಿ ಏನೂ ತೊಂದರೆಯಾಗಲಿಲ್ಲ. ಸಂಗೀತ ಬಲ್ಲ ಆಟಗಾರನ ಈ ಒಂದು ಅಭಿಪ್ರಾಯ ಬೇರೆಲ್ಲದಕ್ಕಿಂತ ತೂಕದ್ದೆಂದು ಪರಿಗಣಿಸಿ ಅಂದೇ ಇನ್ನೂರು ಪೆಡಲ್ ಮಂಜೂರಾದವು. ಭಾವಮೈದುನರು ಅವನ ಕೈ ಹಿಡಿದು ಕುಲುಕಿದರು.

ಸಂಜೆ ಗುಜರಿಯವನು ಬಂದಾಗ ನಾನು ಬೀರು ತೆಗೆದು ಹಳೆಯ ಪೆಡಲನ್ನು ಹೊರಗಿಟ್ಟೆ. ಗಿಟಾರಿನವ ಅಲ್ಲೇ ನಿಂತಿದ್ದ.

"ಒಂದೇ ಒಂದ್ಸಲ ನುಡಿಸಿ ಕೊಡ್ತೀನಿ ಸಾರ್."

"ಅದೀಗ ಗುಜರಿ. ಗುಜರಿ ನುಡಿಸೋಕೆ ಬೇರೆ ಅನುಮತಿ ಬೇಕಾಗುತ್ತೆ."

"ಅದಕ್ಕೆ ಯಾರನ್ನ ಕೇಳ್ಬೇಕು?"

ಗುಜರಿಯವನು ಆಗಲೇ ಮೆಟ್ಟಿಲಿಳಿದಿದ್ದ.

ವಾರ್ಷಿಕೋತ್ಸವಕ್ಕೆ ಮುಂಚೆ ಇನ್ನೊಂದು ಸುತ್ತೋಲೆ ಹೊರಬಿತ್ತು: 'ಮಂಜೂರಾದ ಪೆಡಲನ್ನು ಪರೀಕ್ಷೆಯಲ್ಲಿದ್ದ ಸ್ಥಿತಿಯಲ್ಲೇ ಬಳಸತಕ್ಕದ್ದು. ಗಿಟಾರು ಮುಂತಾದ ಹೊರಗಿನ ವಸ್ತುಗಳನ್ನು ಜೋಡಿಸಿದಲ್ಲಿ ತಯಾರಕರು ಹೊಣೆಯಲ್ಲ.' ಇದರಿಂದಾಗಿ ಗಿಟಾರಿನ ಹುದ್ದೆ ತಾನಾಗಿಯೇ ಅನಗತ್ಯವಾಯಿತು. ಆದರೆ ಮಂಡಳಿ ಯಾರನ್ನೂ ಬೀದಿಗೆ ಹಾಕುವುದಿಲ್ಲ. ಪ್ರಮಾಣಪತ್ರ ಇದ್ದೇ ಇತ್ತಲ್ಲ, ಅವನನ್ನು ನಗರಸಭೆಯ ಕ್ರೀಡಾ ಶಾಖೆಗೆ ತೆಗೆದುಕೊಳ್ಳಲಾಯಿತು. ಅಲ್ಲಿ ಸಂಬಳ ಹೆಚ್ಚು, ಜೊತೆಗೆ ಬೂಟು ಉಚಿತ. ಅವನ ಹೆಂಡತಿಯೂ ಕೊನೆಗೆ, "ಹೋಗ್ಲಿ ಬಿಡಿ, ಮನೇಲಿ ಒಂದಿಷ್ಟು ಸದ್ದಾದ್ರೂ ಕಡಿಮೆ ಆಗುತ್ತೆ" ಎಂದಳು. ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಅವನ ಕೃತಿ ಕಾರ್ಯಕ್ರಮದಲ್ಲಿ ಹಾಗೆಯೇ ಉಳಿಯಿತು, ಅವನ ಹೆಸರಿನಲ್ಲೇ. ವೇದಿಕೆಯ ನಡುವೆ ಹೊಸ ಪೆಡಲನ್ನು ಜಮಖಾನದ ಮೇಲಿಟ್ಟು ಬೆಳಕು ಬಿಟ್ಟಿದ್ದರು. ಫುಟ್‌ಬಾಲ್ ಕ್ಯಾಪ್ಟನ್ ಬಂದು ಸಭೆಗೆ ನಮಸ್ಕರಿಸಿ, ಬಲಗಾಲಿಟ್ಟು ಒತ್ತತೊಡಗಿದ. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ ಹಿಂದಿನ ಸಾಲಿನ ಮುದುಕರೊಬ್ಬರು, "ಹೋದ ವರ್ಷಕ್ಕಿಂತ ಎಷ್ಟೋ ವಾಸಿ" ಎಂದು ಪಕ್ಕದವರಿಗೆ ಪಿಸುಗುಟ್ಟಿದರು. ಕ್ಯಾಪ್ಟನ್ ನಡುನಡುವೆ ಕಾಲು ಬದಲಿಸಿದಾಗ ಮೆಚ್ಚುಗೆಯ ನಿಟ್ಟುಸಿರು ಕೇಳಿಬಂತು.

ಮೊದಲ ಸಾಲು ಆಟಗಾರರಿಗೂ ಅಧಿಕಾರಿಗಳಿಗೂ ಮೀಸಲು. ಗಿಟಾರಿನವ ಹೊಸ ಬೂಟು ಹಾಕಿಕೊಂಡು ನನ್ನ ಎಡಕ್ಕೆ ಕೂತಿದ್ದ, ನಿರ್ದೇಶಕರು ನನ್ನ ಬಲಕ್ಕೆ. ಆ ಸಾಲಿನ ಕುರ್ಚಿಗಳನ್ನೆಲ್ಲ ಒಂದೇ ಪಟ್ಟಿಗೆ ಬಿಗಿದಿದ್ದರು. ಸ್ವಲ್ಪ ಹೊತ್ತಿಗೆ ಸಾಲಿಗೆ ಸಾಲೇ ಮೆಲ್ಲಗೆ ಅಲುಗತೊಡಗಿತು. ನೋಡಿದರೆ ಇವನ ಬಲಗಾಲು. ಹಿಮ್ಮಡಿ ಊರಿ, ಬೆರಳೂರಿ, ಬರಿಯ ನೆಲವನ್ನು ಒತ್ತುತ್ತಿದೆ. ವೇದಿಕೆಯ ಮೇಲಿನ ಕಾಲಿಗೂ ಇದಕ್ಕೂ ತಾಳ ಕೂಡಿರಲಿಲ್ಲ. ಇದು ಬೇರೆಯದೇ ಲಯದಲ್ಲಿ, ಗೋಡೆಯಾಚೆಯಿಂದ ನಾನು ಅಷ್ಟು ಸಲ ಕೇಳಿದ್ದ ಲಯದಲ್ಲಿ ಹೋಗುತ್ತಿತ್ತು. ಕಡೆಯ ಆ 'ಬಾ' ಬರುವುದರಲ್ಲಿತ್ತು. ನನಗೆ ಅದು ಗೊತ್ತಾಯಿತು.

"ಕಾಲು ಆಡಿಸಬೇಡಿ," ಎಂದೆ, "ಸಾಹೇಬರ ಕುರ್ಚಿ ಅಲ್ಲಾಡ್ತಿದೆ."

"ಗೊತ್ತಾಗ್ಲಿಲ್ಲ, ಕ್ಷಮಿಸಿ," ಎಂದು ಅವನು ಆ ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಅದುಮಿ ಹಿಡಿದುಕೊಂಡ.